ಬದಲಾಗುತ್ತಿರುವ ವಾಯುಗುಣವೂ ಬೆಳೆಯನ್ನಳೆಯುವ ವಿದ್ಯೆಯೂ

ಹವಾಮಾನ, ವಾಯುಗುಣ ಎಂಬ ಎರಡು ಮಾತುಗಳನ್ನು ವಾಡಿಕೆಯಲ್ಲಿ ಒಂದೇ ಅರ್ಥಕ್ಕೆ ಬಳಸುವುದುಂಟು. ಶಾಸ್ತ್ರದಲ್ಲಿ ಇವು ಬೇರೆ ಬೇರೆ. ಇಂದು ಮೋಡ ಕವಿಯಿತು, ನಾಳೆ ಮಳೆಯಾದೀತು ಎಂಬುದು ಹವಾಮಾನ. ಒಂದು ಸೀಮೆಯಲ್ಲಿ ಸುಮಾರು 30 ವರ್ಷಗಳ ಅವಧಿಯಲ್ಲಿ ಬಿಸಿಲು, ಗಾಳಿ, ಮಳೆಗಳು ನಡೆದುಕೊಂಡು ಬಂದ ರೀತಿಯ ಒಟ್ಟು ಸಾರ ವಾಯುಗುಣ. ಅಂಗಡಿಯ ಲೆಕ್ಕದಲ್ಲಿ ದಿನದ ಕಿರ್ದಿಗೂ ವರ್ಷಗಳ ಖಾತೆಗೂ ಇರುವ ಸಂಬಂಧವೇ ಇವೆರಡಕ್ಕೂ ಇದೆ. ಕಿರ್ದಿಯ ಒಂದು ಪುಟವನ್ನು ನೋಡಿ ಮನೆತನ ಏರಿತೋ ಇಳಿಯಿತೋ ಎಂದು ಹೇಳಲಾಗದು. ಹಾಗೆಯೇ ಒಂದು ವರ್ಷದ ಬರವನ್ನೋ ನೆರೆಯನ್ನೋ ಕಂಡು ವಾಯುಗುಣವೇ ಬದಲಾಯಿತೆಂದು ನಿರ್ಣಯಿಸಲಾಗದು. ದೀರ್ಘಕಾಲದ ಲೆಕ್ಕವನ್ನು ಓದಿ, ಬದಲಾದುದೆಷ್ಟು, ಅದರಿಂದ ಹೊಲದ ಬೆಳೆಗೆ ಒದಗುವುದೇನು ಎಂದು ಅಳೆಯುವುದು ಪ್ರತ್ಯೇಕವಾದ ಒಂದು ವಿದ್ಯೆ. ಆ ವಿದ್ಯೆಯಲ್ಲಿ ತಜ್ಞರನ್ನು ಸಿದ್ಧಪಡಿಸುವ ಬಗೆ ಯಾವುದು, ಅದರಲ್ಲಿ ಮುಖ್ಯವಾಗಿ ಕಲಿಯಬೇಕಾದುದೇನು ಎಂಬುದು ಇಲ್ಲಿನ ವಿಚಾರ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಸಂಕಟದಿಂದಲೇ ಹುಟ್ಟಿ ಬೆಳೆದುದು. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಮರುವರ್ಷವೇ ಧಾತು ಸಂವತ್ಸರದ ಬರ ಆರಂಭವಾಗಿ ಈಶ್ವರ ಸಂವತ್ಸರದಲ್ಲಿಯೂ ಮುಂದುವರಿದು, ಮೈಸೂರು ಸೀಮೆಯನ್ನೂ ಮುಂಬಯಿ ಕರ್ನಾಟಕವನ್ನೂ ಹಾಳುಗೆಡವಿತು. ಮಳೆಯನ್ನು ಮುಂದಾಗಿ ತಿಳಿಯುವ ಪ್ರಯತ್ನಕ್ಕೆ ಆ ಬರವೇ ಪ್ರೇರಣೆಯಾಯಿತು. ಬಳಿಕ 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾಗಿ, ಎಲ್. ಎ. ರಾಮದಾಸರು ಅದಕ್ಕೆ ಅಡಿಪಾಯ ಹಾಕಿದರು. ಅದೇ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ರಾಯಚೂರು, ಬಳ್ಳಾರಿ ಸೀಮೆಯ ಹಗರಿ ಮುಂತಾದೆಡೆಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆಯಿತು. ಬಿದ್ದ ಮಳೆ ಎಷ್ಟು, ನೆಲ ಹಿಡಿದುಕೊಂಡುದೆಷ್ಟು, ಪೈರು ಕುಡಿದುದೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳುವ ಅಭ್ಯಾಸ ಅಲ್ಲಿ ಬೆಳೆಯಿತು. ಇಂದಿನ ತಜ್ಞನ ಶಿಕ್ಷಣಕ್ಕೂ ಈ ಮೂರು ಪ್ರಶ್ನೆಗಳೇ ಮೂಲ.

ಈಗ ಅವುಗಳ ಜೊತೆಗೆ ನಾಲ್ಕನೆಯದೊಂದು ಸೇರಿದೆ. ವಿಶ್ವದ ವಿಜ್ಞಾನಿಗಳ ಸಮಿತಿ 2021ರಲ್ಲಿ ಪ್ರಕಟಿಸಿದ ವರದಿಯಂತೆ, 2011ರಿಂದ 2020ರವರೆಗಿನ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣತೆ 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈ ಆಕ್ಸೈಡ್ ಈಗ 420 ಭಾಗವನ್ನು ಮೀರಿದೆ. ಆದುದರಿಂದ ಹಿಂದಿನ ಲೆಕ್ಕ ಮುಂದಿನ ಕಾಲಕ್ಕೆ ಎಷ್ಟರ ಮಟ್ಟಿಗೆ ಪ್ರಮಾಣವಾದೀತು ಎಂಬುದೇ ಆ ನಾಲ್ಕನೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುವವನು ಅವಸರಪಡಬಾರದು. ಇದಕ್ಕೆ ನಮ್ಮ ಮಳೆನಕ್ಷತ್ರಗಳೇ ಒಂದು ಪಾಠವನ್ನು ಒದಗಿಸುತ್ತವೆ. ಮಿರಗದಲ್ಲಿ ಮುಂಗಾರಿ ಬಿತ್ತನೆ, ಹುಬ್ಬಿ ಉತ್ತರಿಗಳಲ್ಲಿ ಹಿಂಗಾರಿ ಜೋಳ ಎಂಬ ಲೆಕ್ಕ ಉತ್ತರ ಕರ್ನಾಟಕದ ಒಕ್ಕಲಿಗನ ಬಾಯಲ್ಲಿದೆ. “ಮೊದಲಿನಂತೆ ನಕ್ಷತ್ರಕ್ಕೆ ಸರಿಯಾಗಿ ಮಳೆ ಬರುತ್ತಿಲ್ಲ” ಎಂಬ ಮಾತೂ ಇಂದು ಎಲ್ಲೆಡೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅದರೊಳಗೆ ಎರಡು ಸಂಗತಿಗಳು ಬೆರೆತಿವೆ. ಮಳೆನಕ್ಷತ್ರವೆಂದರೆ ಸೂರ್ಯನು ಆ ನಕ್ಷತ್ರದಲ್ಲಿರುವ 13–14 ದಿನಗಳ ಅವಧಿ. ಭೂಮಿಯ ಅಕ್ಷದ ಚಲನೆಯಿಂದಾಗಿ ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ತುಸು ದೊಡ್ಡದು. ಇವೆರಡಕ್ಕೂ ಸುಮಾರು 70 ವರ್ಷಗಳಿಗೊಮ್ಮೆ ಒಂದು ದಿನದ ಅಂತರ ಬೀಳುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ಮಳೆಯ ಲಕ್ಷಣ, ನೆಲದೊಳಗಿನ ನೀರು, ವೃಕ್ಷಾಯುರ್ವೇದ ಮುಂತಾದ ವಿಷಯಗಳನ್ನು ಅಡಕಮಾಡಿ ‘ಲೋಕೋಪಕಾರ’ವನ್ನು ರಚಿಸಿದನು. ಅಂದಿನಿಂದ ಇಂದಿಗೆ ನಕ್ಷತ್ರಗಳೂ ಋತುಗಳೂ ಎರಡು ವಾರಗಳಷ್ಟು, ಅಂದರೆ ಪೂರಾ ಒಂದು ಮಳೆನಕ್ಷತ್ರದಷ್ಟು, ಜರುಗಿವೆ. ಇದು ಪಂಚಾಂಗದ ಗಣಿತಕ್ಕೆ ಸೇರಿದುದೇ ಹೊರತು ವಾಯುಗುಣದ ಬದಲಾವಣೆಯಲ್ಲ. ಒಂದು ತಲೆಮಾರಿನ ಅವಧಿಯಲ್ಲಿ ಮಳೆಯ ನಡೆ ಬದಲಾಗಿದ್ದರೆ ಅದಕ್ಕೆ ಕಾರಣವನ್ನು ಬೇರೆಡೆ ಹುಡುಕಬೇಕು. ಹೀಗೆ ಬೆರೆತುದನ್ನು ಬಿಡಿಸಿ ನೋಡುವ ಶಕ್ತಿಯೇ ತಜ್ಞನಿಗೆ ಬೇಕಾದ ಮೊದಲನೆಯ ಗುಣ.

ಶಿಕ್ಷಣದ ಮೊದಲ ಮೆಟ್ಟಿಲು ಅಳತೆ. ಮಳೆಮಾಪಕದ ಉಪಯೋಗ ಸುಲಭವೆಂದು ತೋರಿದರೂ ಅದಕ್ಕೊಂದು ಶಿಸ್ತಿದೆ. ಮರವೋ ಕಟ್ಟಡವೋ ಇದ್ದರೆ ಅದರ ಎತ್ತರದ ಎರಡರಷ್ಟಾದರೂ ದೂರದಲ್ಲಿ ಮಾಪಕವನ್ನು ನೆಡಬೇಕು. ಪ್ರತಿದಿನ ಬೆಳಿಗ್ಗೆ 8-30ಕ್ಕೆ ಅಳೆದು ಬರೆಯಬೇಕು. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರ್ ನೆಲದ ಮೇಲೆ ಒಂದು ಲೀಟರ್ ನೀರು. 10 ಮಿಲಿಮೀಟರ್ ಮಳೆ ಒಂದು ಎಕರೆಗೆ ಸುಮಾರು 40,000 ಲೀಟರ್ ನೀರನ್ನು ತರುತ್ತದೆ. 2.5 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಬಿದ್ದರೆ ಮಾತ್ರ ಅದು ‘ಮಳೆಯ ದಿನ’. ಇವೆಲ್ಲಕ್ಕಿಂತ ದೊಡ್ಡ ನಿಯಮವೊಂದಿದೆ. ಮಳೆ ಬರದ ದಿನ ಪುಸ್ತಕದಲ್ಲಿ ಸೊನ್ನೆಯನ್ನು ಬರೆಯಬೇಕು. ಅಳೆಯದ ದಿನ ಆ ಸ್ಥಳವನ್ನು ಖಾಲಿ ಬಿಡಬೇಕು. ಸೊನ್ನೆಗೂ ಖಾಲಿಗೂ ಕಣ್ಣಿಗೆ ಕಾಣುವ ಭೇದ ಅತ್ಯಲ್ಪ, ಅರ್ಥದಲ್ಲಿ ಭೇದ ಬೆಟ್ಟದಷ್ಟು. ಅಳೆಯದ ದಿನಗಳಿಗೆಲ್ಲ ಸೊನ್ನೆ ಬರೆದ ಒಂದು ಪುಸ್ತಕದಿಂದ, ಇಲ್ಲದ ಬರಗಾಲವೊಂದು 30 ವರ್ಷಗಳ ನಂತರದ ಗಣಕಯಂತ್ರದಲ್ಲಿ ಹುಟ್ಟಿಕೊಳ್ಳುತ್ತದೆ. ತಿಳಿದುದನ್ನು ತಿಳಿದಂತೆಯೂ ತಿಳಿಯದುದನ್ನು ತಿಳಿಯದಂತೆಯೂ ಬರೆದಿಡುವ ಈ ಪ್ರಾಮಾಣಿಕತೆಯ ಮೇಲೆಯೇ ಮುಂದಿನ ವಿದ್ಯೆಯೆಲ್ಲವೂ ನಿಂತಿದೆ.

ಎರಡನೆಯ ಮೆಟ್ಟಿಲು ಬೆಳೆಯ ಕಾಲವನ್ನು ಅರಿಯುವುದು. ನಾವು ಬೆಳೆಯನ್ನು ‘ನೂರು ದಿನದ್ದು’, ‘ನೂರಿಪ್ಪತ್ತು ದಿನದ್ದು’ ಎಂದು ಕರೆಯುತ್ತೇವೆ. ಆದರೆ ಪೈರು ದಿನಗಳನ್ನು ಎಣಿಸುವುದಿಲ್ಲ, ಕಾವನ್ನು ಎಣಿಸುತ್ತದೆ. ಜೋಳ ಸುಮಾರು 8 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲವೆಂದು ಇಟ್ಟುಕೊಳ್ಳೋಣ. ಒಂದು ದಿನದ ಗರಿಷ್ಠ ಉಷ್ಣತೆ 32, ಕನಿಷ್ಠ 18 ಇದ್ದರೆ ಸರಾಸರಿ 25. ಅದರಲ್ಲಿ 8ನ್ನು ಕಳೆದರೆ ಆ ದಿನ ಪೈರಿಗೆ ದಕ್ಕಿದ ಕಾವು 17. ಒಂದು ತಳಿ ಮಾಗಲು ಇಂಥ 1,700 ಕಾವಿನ ಅಂಶಗಳು ಬೇಕಾದರೆ ಅದು 100 ದಿನಗಳ ಬೆಳೆಯಾಯಿತು. ಈಗ ಸರಾಸರಿ ಉಷ್ಣತೆ 2 ಡಿಗ್ರಿ ಏರಿತೆನ್ನಿ. ದಿನಕ್ಕೆ 19 ಅಂಶದಂತೆ ಅದೇ ಬೆಳೆ ಸುಮಾರು 90 ದಿನಗಳಲ್ಲಿ ಮಾಗಿಬಿಡುತ್ತದೆ. ಬೇಗ ಕೊಯ್ಲಾಯಿತೆಂದು ಸಂತೋಷಪಡುವಂತಿಲ್ಲ. ಕಳೆದುಹೋದ ದಿನಗಳಲ್ಲಿ ಎಲೆ ಬಿಸಿಲನ್ನುಂಡು ಕಾಳಿಗೆ ಹಾಲು ತುಂಬಬೇಕಾದ ದಿನಗಳೂ ಸೇರಿರುತ್ತವೆ. ತೆನೆ ಬೇಗ ಬಲಿತರೂ ಕಾಳು ಜೊಳ್ಳಾಗುತ್ತದೆ. ಲೋಕದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಗಣನೆಯ ಪ್ರಕಾರ, ಭೂಮಿಯ ಸರಾಸರಿ ಉಷ್ಣತೆ ಒಂದು ಡಿಗ್ರಿ ಏರಿದರೆ ಗೋಧಿಯ ಇಳುವರಿ ಶೇಕಡಾ 6, ಗೋವಿನಜೋಳದ್ದು ಶೇಕಡಾ 7.4, ಭತ್ತದ್ದು ಶೇಕಡಾ 3.2ರಷ್ಟು ಕುಗ್ಗುತ್ತದೆ. ಇದು ಲೋಕದ ಸರಾಸರಿ. ಒಂದು ತಾಲೂಕಿನ ಭವಿಷ್ಯವಲ್ಲ. ಈ ಎಚ್ಚರವನ್ನೂ ಶಿಕ್ಷಣಾರ್ಥಿಗೆ ಮೊದಲೇ ಕೊಡಬೇಕು.

ಮೂರನೆಯದು ಬೆಳೆಯ ಗಣಿತಪ್ರತಿರೂಪ. ಮಣ್ಣಿನ ಆಳ, ಅದು ಹಿಡಿಯುವ ನೀರು, ದಿನದಿನದ ಬಿಸಿಲು, ಉಷ್ಣತೆ, ಮಳೆ, ತಳಿಯ ಸ್ವಭಾವ, ಬಿತ್ತಿದ ದಿನ, ಸಾಲಿನ ಅಂತರ, ಹಾಕಿದ ಗೊಬ್ಬರ ಇವೆಲ್ಲವನ್ನೂ ಗಣಕಯಂತ್ರಕ್ಕೆ ಉಣಿಸಿದರೆ, ಬಿತ್ತನೆಯಿಂದ ಕೊಯ್ಲಿನವರೆಗೆ ಒಂದೊಂದು ದಿನವೂ ಪೈರು ಎಷ್ಟು ಬೆಳೆಯಿತೆಂದು ಅದು ಲೆಕ್ಕ ಹಾಕುತ್ತದೆ. 1982ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಯೋಜನೆಯೊಂದರಿಂದ ಹುಟ್ಟಿ 1989ರಲ್ಲಿ ಮೊದಲು ಬಳಕೆಗೆ ಬಂದ ‘ಡಿಸ್ಯಾಟ್’ ಎಂಬ ಪ್ರತಿರೂಪ ಇಂಥ ಶಿಕ್ಷಣದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಯಂತ್ರದ ಗುಂಡಿಯನ್ನೊತ್ತಲು ವಾರದ ತರಬೇತಿ ಸಾಕು. ಅದು ಕೊಟ್ಟ ಉತ್ತರವನ್ನು ಪರೀಕ್ಷಿಸಲು ವರ್ಷಗಳ ಅಭ್ಯಾಸ ಬೇಕು. ಕೆಲವು ವರ್ಷಗಳ ಇಳುವರಿಯನ್ನು ಪ್ರತಿರೂಪಕ್ಕೆ ತೋರಿಸಿ ಹೊಂದಿಸಬೇಕು. ಉಳಿದ ವರ್ಷಗಳದ್ದನ್ನು ಬಚ್ಚಿಟ್ಟು, ಅವನ್ನು ಅದೇ ಊಹಿಸಬಲ್ಲುದೋ ನೋಡಬೇಕು. ಪಾಠವನ್ನೇ ಪ್ರಶ್ನೆಯಾಗಿ ಕೇಳಿದರೆ ಯಾವ ವಿದ್ಯಾರ್ಥಿಯೂ ತೇರ್ಗಡೆಯಾಗುವನು. ಓದದ ಪದ್ಯಕ್ಕೆ ಅರ್ಥ ಹೇಳಿದವನೇ ನಿಜವಾಗಿ ಕಲಿತವನು. ಪ್ರತಿರೂಪದ ಪರೀಕ್ಷೆಯೂ ಹೀಗೆಯೇ.

ಈ ಲೆಕ್ಕದಲ್ಲಿ ಬೆಳೆಬೆಳೆಗೂ ಭೇದವುಂಟು. ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹೆಚ್ಚಿದರೆ ತೊಗರಿ, ಶೇಂಗಾ, ಗೋಧಿಗಳಂಥ ಬೆಳೆಗಳ ಆಹಾರ ತಯಾರಿಕೆ ಸ್ವಲ್ಪ ಚುರುಕಾಗುತ್ತದೆ. ಜೋಳ, ಸಜ್ಜೆ, ಗೋವಿನಜೋಳ, ಕಬ್ಬುಗಳ ಎಲೆಗಳಲ್ಲಿ ಆ ಅನಿಲವನ್ನು ಸಾಂದ್ರಗೊಳಿಸುವ ವ್ಯವಸ್ಥೆ ಮೊದಲೇ ಇರುವುದರಿಂದ ಅವುಗಳಿಗೆ ಆ ಲಾಭ ಬಹು ಕಡಿಮೆ. ಬರಗಾಲದಲ್ಲಿ ಎಲೆಯ ರಂಧ್ರಗಳು ಕಿರಿದಾಗಿ ನೀರು ಉಳಿಯುವುದೊಂದೇ ಸಹಾಯ. ಒಂದು ಕಡೆ ಅನಿಲದ ಲಾಭ, ಇನ್ನೊಂದು ಕಡೆ ಕಾವಿನ ನಷ್ಟ, ನಡುವೆ ಮಳೆಯ ಏರುಪೇರು, ಇವನ್ನು ಕೂಡಿ ಕಳೆದು ಉಳಿದುದನ್ನು ಹೇಳಬೇಕು. ಮುಂದಿನ ಕಾಲದ ವಾಯುಗುಣವನ್ನು ಹೇಳುವ ಪ್ರತಿರೂಪಗಳೂ ಒಂದಲ್ಲ, ಹಲವು. ಉಷ್ಣತೆ ಏರುವುದೆಂಬುದರಲ್ಲಿ ಅವೆಲ್ಲ ಒಮ್ಮತದಿಂದಿದ್ದರೂ ಒಂದು ಜಿಲ್ಲೆಯ ಮಳೆಯ ವಿಷಯದಲ್ಲಿ ಅವುಗಳಿಗೆ ಭಿನ್ನಾಭಿಪ್ರಾಯವಿದೆ. ಆದುದರಿಂದ ತನಗೆ ಒಪ್ಪುವ ಒಂದನ್ನೇ ಆರಿಸಿಕೊಳ್ಳದೆ ಎಲ್ಲವನ್ನೂ ಕೇಳಿ, ‘ಇಷ್ಟರಿಂದ ಇಷ್ಟರವರೆಗೆ’ ಎಂದು ಅವಧಿಯನ್ನಿಟ್ಟು ಹೇಳುವುದನ್ನು ತಜ್ಞನು ಕಲಿಯಬೇಕು. ಇದು ಅಳುಕಲ್ಲ, ಶಾಸ್ತ್ರದ ಮರ್ಯಾದೆ.

ನಾಲ್ಕನೆಯ ಮೆಟ್ಟಿಲು ಕಾರಣಗಳ ವಿವೇಚನೆ. ಉತ್ತರ ಕರ್ನಾಟಕದಲ್ಲಿ ಜೋಳದ ಕ್ಷೇತ್ರ ಹಿಂದಿಗಿಂತ ಕುಗ್ಗಿರುವುದು ಎಲ್ಲರಿಗೂ ತಿಳಿದ ವಿಷಯ. ಇದನ್ನು ನೋಡಿ, ವಾಯುಗುಣ ಕೆಟ್ಟು ಜೋಳ ಹೋಯಿತೆಂದು ಬರೆದುಬಿಟ್ಟರೆ ಅದು ಅಪಸಿದ್ಧಾಂತ. ಆಲಮಟ್ಟಿ, ನಾರಾಯಣಪುರಗಳ ಕಾಲುವೆ ನೀರು ಬಂದು ಕಬ್ಬು, ಗೋವಿನಜೋಳಗಳು ಹೊಕ್ಕುವು. ಪಡಿತರದ ಅಕ್ಕಿ ಊಟದ ರೂಢಿಯನ್ನು ಬದಲಿಸಿತು. ತೊಗರಿ, ಕಡಲೆಗಳಿಗೆ ಪೇಟೆಯಲ್ಲಿ ಬೆಲೆ ಬಂತು. ಜೋಳ ಕೀಳಲು ಆಳು ಸಿಗದಾಯಿತು. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಮಾತ್ರ ವಾಯುಗುಣದ ಪಾಲು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಹೊಸ ತಳಿ, ಗೊಬ್ಬರಗಳಿಂದ ಇಳುವರಿ ಏರುತ್ತಿರುವಾಗ ಅದರಡಿಯಲ್ಲಿ ವಾಯುಗುಣ ಮಾಡುತ್ತಿರುವ ನಷ್ಟ ಮುಚ್ಚಿಹೋಗುತ್ತದೆ. ಇನ್ನು, ನಷ್ಟವೆಲ್ಲ ನೇರವಾಗಿ ಬಿಸಿಲಿನಿಂದಲೇ ಬರುವುದೂ ಇಲ್ಲ. ಕಲಬುರಗಿ ಸೀಮೆಯಲ್ಲಿ 2022ರಲ್ಲಿ ತೊಗರಿಗೆ ನೆಟೆ ರೋಗ ಹಬ್ಬಿ ನಿಂತ ಗಿಡಗಳೇ ಒಣಗಿದುವು. ಮಣ್ಣಿನ ಹಸಿ, ಬೇರಿನ ಶಿಲೀಂಧ್ರ, ಆಮೇಲಿನ ಒಣಹವೆ ಇವುಗಳ ನಂಟನ್ನು ಬಿಡಿಸಲು ಹವಾಮಾನ ಬಲ್ಲವನ ಪಕ್ಕದಲ್ಲಿ ಸಸ್ಯರೋಗ ಬಲ್ಲವನೂ ಕುಳಿತಿರಬೇಕು.

ಐದನೆಯ ಮೆಟ್ಟಿಲು ಒಕ್ಕಲಿಗನ ಹೊಲದ ಬದು. ಇದನ್ನು ಕೊನೆಯಲ್ಲಿ ಹೇಳಿದುದು ಕೊನೆಯದೆಂದಲ್ಲ. ವಿಜಯಪುರ ಸೀಮೆಯಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಸೆಪ್ಟೆಂಬರ್ ತಿಂಗಳಲ್ಲಿ ಹೆಚ್ಚು. ಹಿಂಗಾರಿ ಜೋಳ ಬಿತ್ತಿದ ಮೇಲೆ ಬೀಳುವ ಮಳೆ ಅಲ್ಪ. ಎರೆ ಮಣ್ಣು ಕುಡಿದಿಟ್ಟ ಹಸಿಯೇ ಪೈರಿಗೆ ಆಧಾರ. ಒಂದೇ ಮಳೆ ಬಿದ್ದ ಎರಡು ಹೊಲಗಳಲ್ಲಿ ಎರಡು ಮೊಳ ಆಳದ ಎರೆಯಲ್ಲಿ ಜೋಳ ಬಾಡಿದರೆ, ನಾಲ್ಕು ಮೊಳ ಆಳದ್ದರಲ್ಲಿ ತೆನೆ ತೂಗುತ್ತದೆ. ಬೇಸಿಗೆಯಲ್ಲಿ ಹರಗಿ, ಚೌಕುಮಡಿ ಕಟ್ಟಿ ಮಳೆಯನ್ನು ನಿಲ್ಲಿಸಿದವನ ಹೊಲ ಬೇರೆ, ಹರಿಯಬಿಟ್ಟವನದು ಬೇರೆ. ಬೆಳೆ ನಿಂತಾಗ ಎರೆ ಬಿರಿಯತೊಡಗಿದರೆ ಒಕ್ಕಲಿಗನು ಎಡೆಕುಂಟೆ ಹೊಡೆದು ಬಿರುಕನ್ನು ಮುಚ್ಚುತ್ತಾನೆ. ಬಿರುಕಿನಿಂದ ಹಸಿ ಆರಿಹೋಗುವುದು ತಪ್ಪುತ್ತದೆ. ಇದನ್ನರಿಯದೆ ಮಾಡಿದ ಗಣನೆ ಒಂದು ದಶಾಂಶದವರೆಗೆ ಕರಾರುವಾಕ್ಕಾಗಿದ್ದರೂ ಹೊಲದಲ್ಲಿ ತಪ್ಪುತ್ತದೆ. ಹದ ಎಂಬ ಮಾತಿಗೆ ಒಕ್ಕಲಿಗನು ಕೊಡುವ ಅರ್ಥವನ್ನು ಕೇಳಿ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, ಆ ಬಳಿಕ ಯಂತ್ರದ ಮುಂದೆ ಕುಳಿತವನ ಲೆಕ್ಕವೇ ಲೆಕ್ಕ.

ಇಷ್ಟು ಬಿಗಿ ಏಕೆ ಬೇಕು? ತಪ್ಪಿನ ಬೆಲೆಯನ್ನು ತೆರುವವನು ತಜ್ಞನಲ್ಲ, ಒಕ್ಕಲಿಗ. ಇಲ್ಲದ ಅಪಾಯವನ್ನು ಹೇಳಿದರೆ ಅವನು ಬಾಳಿಬಂದ ಬೆಳೆಯನ್ನು ಬಿಟ್ಟು ಸಾಲ ಮಾಡಿ ಕೊಳವೆಬಾವಿ ತೋಡಿಸುತ್ತಾನೆ. ಇರುವ ಅಪಾಯವನ್ನು ಮರೆಮಾಡಿದರೆ ಬೀಜ, ಗೊಬ್ಬರ, ಬೆವರು ಮೂರನ್ನೂ ಮಣ್ಣುಪಾಲು ಮಾಡಿಕೊಳ್ಳುತ್ತಾನೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಹಾಪೂರವನ್ನು ಈ ಸೀಮೆ ಕಂಡಿತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳು ಮುಳುಗಿದುವು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದುವು. ಇಂಥ ವರ್ಷಗಳಲ್ಲಿ ಪರಿಹಾರವೂ, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ವಿಮೆಯ ಹಣವೂ ಅಳತೆಯನ್ನೇ ಅವಲಂಬಿಸಿವೆ. ಪಂಚಾಯಿತಿಯ ಮಟ್ಟದಲ್ಲಿ ಗೊತ್ತುಮಾಡಿದ ಹೊಲಗಳ ಬೆಳೆಯನ್ನು ಕೊಯ್ದು ತೂಗಿ, ಆ ತೂಕದ ಸರಾಸರಿಯಿಂದ ನಷ್ಟವನ್ನು ನಿರ್ಣಯಿಸುತ್ತಾರೆ. ಆ ಹೊಲದಲ್ಲಿ ನಿಂತು ತೂಗುವವನ ಕೈ ಸರಿಯಿಲ್ಲದಿದ್ದರೆ ಊರೊಂದರ ಅನ್ನಕ್ಕೆ ಚ್ಯುತಿ ಬಂತೆಂದೇ ಅರ್ಥ.

ಇಂಥವರನ್ನು ಸಿದ್ಧಪಡಿಸುವ ಸ್ಥಾನಗಳು ನಮ್ಮಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿಯೂ ಧಾರವಾಡದ್ದು 1986ರಲ್ಲಿಯೂ ಸ್ಥಾಪಿತವಾದುವು. 1983ರಲ್ಲಿ ಆರಂಭವಾದ ಕೃಷಿ ಹವಾಮಾನದ ಅಖಿಲ ಭಾರತ ಸಂಶೋಧನಾ ಯೋಜನೆಗೆ ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ ಕೇಂದ್ರವಾಗಿದ್ದು, ಬೆಂಗಳೂರು, ವಿಜಯಪುರಗಳಲ್ಲಿ ಅದರ ಶಾಖೆಗಳಿವೆ. ವಾಯುಗುಣವನ್ನು ತಾಳಿಕೊಳ್ಳುವ ಬೇಸಾಯಕ್ಕಾಗಿ 2011ರಲ್ಲಿ ‘ನಿಕ್ರಾ’ ಯೋಜನೆ ಆರಂಭವಾಯಿತು. ಆದರೆ ಕಲಿತವರನ್ನು ಉಳಿಸಿಕೊಳ್ಳುವುದು ಕಲಿಸುವುದಕ್ಕಿಂತಲೂ ಕಠಿಣ. ದೇಶದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ 199 ಜಿಲ್ಲಾ ಕೃಷಿ ಹವಾಮಾನ ಘಟಕಗಳು ಏರ್ಪಟ್ಟು, ಮಂಗಳವಾರ, ಶುಕ್ರವಾರಗಳಂದು ಒಕ್ಕಲಿಗರಿಗೆ ಸಲಹೆಯನ್ನು ಮುಟ್ಟಿಸುತ್ತಿದ್ದುವು. 2024ರ ಆರಂಭದಲ್ಲಿ ಅವನ್ನು ಮುಚ್ಚುವ ಆದೇಶ ಹೊರಟಾಗ, ಹೊಲ, ಯಂತ್ರ ಎರಡನ್ನೂ ಬಲ್ಲ ಅನೇಕ ತರುಣರು ಕೆಲಸದ ಚಿಂತೆಗೆ ಬಿದ್ದರು. ಖಾತೆ ಬರೆಯುವವನನ್ನು ಅರ್ಧದಲ್ಲಿ ಬಿಡಿಸಿದರೆ ಖಾತೆಯೂ ಅರ್ಧಕ್ಕೇ ನಿಲ್ಲುತ್ತದೆ. 30 ವರ್ಷ ನಡೆಯಬೇಕಾದ ಲೆಕ್ಕಕ್ಕೆ 30 ವರ್ಷ ನಿಲ್ಲುವ ಆಶ್ರಯ ಬೇಕು.

ಇಲ್ಲಿ ವಿದ್ಯಾಸಂಸ್ಥೆಗಳಿಗೂ ಒಂದು ಕರ್ತವ್ಯವಿದೆ. ನಮ್ಮ ಮಠಗಳ ದಾಸೋಹಕ್ಕೆ ಹಿಂದಿನಿಂದಲೂ ಹೊಲದಿಂದ ಬಂದ ಜೋಳವೇ ಆಧಾರ. ಭಕ್ತರು ತಂದೊಪ್ಪಿಸಿದ ಚೀಲಗಳಲ್ಲಿ ಆಯಾ ವರ್ಷದ ಮಳೆಯ ಕಥೆ ಅಡಗಿದೆ. ದಾಸೋಹದ ಹಳೆಯ ಲೆಕ್ಕದ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ ಅವು ಸಂಶೋಧಕನಿಗೆ ಬೆಲೆಯುಳ್ಳ ದಾಖಲೆಗಳು. ಅವನ್ನು ರದ್ದಿಗೆ ಹಾಕಬಾರದು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕ, ಉಷ್ಣತೆಯನ್ನು ನೋಡುವ ಒಂದು ಜೊತೆ ಮಾಪಕಗಳು, ಗಟ್ಟಿ ರಟ್ಟಿನ ಒಂದು ಪುಸ್ತಕ, ಇಷ್ಟಕ್ಕೆ ಬೇಕಾದ ವೆಚ್ಚ ಅಲ್ಪ. ದಾನಿಗಳು ಕೊಠಡಿಗೆ ಕೊಟ್ಟಂತೆ ಇದಕ್ಕೂ ಕೊಟ್ಟರೆ, ಹಳೆಯ ವಿದ್ಯಾರ್ಥಿಗಳಾದ ಒಕ್ಕಲಿಗರು ತಮ್ಮ ಬಿತ್ತನೆಯ ದಿನವನ್ನೂ ರಾಶಿಯ ತೂಕವನ್ನೂ ತಿಳಿಸಿದರೆ, ಉಪಾಧ್ಯಾಯರು ರಜಾದಿನಗಳಲ್ಲಿಯೂ ಸರದಿಯನ್ನು ತಪ್ಪಿಸದಿದ್ದರೆ, ಕೆಲವೇ ವರ್ಷಗಳಲ್ಲಿ ಆ ಊರಿಗೆ ತನ್ನದೇ ಆದ ಖಾತೆಯೊಂದು ಸಿದ್ಧವಾಗುತ್ತದೆ. ವಿಶ್ವವಿದ್ಯಾಲಯದ ತಜ್ಞನು ಬಂದು ಕೇಳಿದಾಗ ತೋರಿಸಲು ಇದಕ್ಕಿಂತ ಮೇಲಾದ ವಸ್ತು ಮತ್ತೊಂದಿಲ್ಲ.

ಅಲ್ಲದೆ, ತಜ್ಞನು ಹುಟ್ಟುವುದೂ ಅಲ್ಲಿಯೇ. ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಬಳಿ ನಿಂತು, ನೀರಿಲ್ಲದುದನ್ನು ನೋಡಿ ಸೊನ್ನೆ ಬರೆದು, ನಿನ್ನೆ ತಾನು ಬಾರದಿದ್ದುದರಿಂದ ನಿನ್ನೆಯ ಸಾಲನ್ನು ಖಾಲಿ ಬಿಟ್ಟ ಹುಡುಗನೊಬ್ಬನು ಈ ವಿದ್ಯೆಯ ಅರ್ಧವನ್ನು ಆಗಲೇ ಕಲಿತಂತಾಯಿತು. ಉಳಿದರ್ಧವನ್ನು ಯಂತ್ರವೂ ವಿಶ್ವವಿದ್ಯಾಲಯವೂ ಕಲಿಸಬಲ್ಲುವು. ಈ ಮೊದಲರ್ಧವನ್ನು ಮಾತ್ರ ಶಾಲೆಯೇ ಕಲಿಸಬೇಕು. ಕಾಯಕವೆಂಬ ಮಾತನ್ನು ದಿನವೂ ಕೇಳಿ ಬೆಳೆಯುವ ಮಕ್ಕಳಿಗೆ ಅದು ಭಾರವಾಗಲಾರದು.